ನಕ್ಷತ್ರದ ಗೋಡೆ ಯಾರದು

ನಾಗಮಂಗಲದಲ್ಲಿ ನಾನು ಕೆಲಸಕ್ಕಿದ್ದ ಕಟ್ಟಡ ವಿನ್ಯಾಸದ ಆಫೀಸಿಗೆ ಒಂದು ಕಲ್ಯಾಣ ಮಂಟಪದ ಕೆಲಸ ಬಂತು. ಕಟ್ಟಿಸುತ್ತಿದ್ದವರು ತೆಂಗಿನ ತೋಟದ ಹಿರಿಯ ಗೌಡರು. ಸಭಾಂಗಣದ ಒಂದು ಬದಿಗೆ ಗಾಳಿ ಬೆಳಕು ಬರುವಂಥ ಕಲ್ಲಿನ ಜಾಲಂಧ್ರದ ಗೋಡೆ ಬೇಕೆಂದರು. ನಾನು ಹೊಸಹೊಳಲಿಗೆ ಹೋಗಿ, ಅಲ್ಲಿನ ಹಳೆಯ ಗುಡಿ ನಿಂತಿರುವ ನಕ್ಷತ್ರದಾಕಾರದ ಜಗತಿಕಟ್ಟೆಯನ್ನು ಅಳತೆಪಟ್ಟಿ ಹಿಡಿದು ಸುತ್ತಿ ಬಂದೆ. ಕಂಪ್ಯೂಟರಿನಲ್ಲಿ ಒಂದೇ ಒಂದು ನಕ್ಷತ್ರ ಬರೆದೆ. ಮಿಕ್ಕವಕ್ಕೆ ನಿಯಮ ಕೊಟ್ಟೆ: ಪಕ್ಕದ್ದು ಎಷ್ಟು ತಿರುಗಬೇಕು, ಮೇಲಕ್ಕೆ ಹೋದಂತೆ ಎಷ್ಟು ಕುಗ್ಗಬೇಕು. ಗೋಡೆಯ ಅಗಲದ ಅಂಕಿ ಬದಲಿಸಿದರೆ ನಕ್ಷತ್ರಗಳೆಲ್ಲ ತಾವೇ ಸರಿದು ಹೊಂದಿಕೊಳ್ಳುತ್ತಿದ್ದವು.

ಗೌಡರಿಗೆ ಆಫೀಸಿನ ಯಜಮಾನರು ಅದನ್ನು ತಮ್ಮದೆಂದೇ ತೋರಿಸಿದರು. "ನಮ್ಮ ಹುಡುಗಿ ಗೆರೆ ನೀಟಾಗಿ ಎಳೀತಾಳೆ," ಎಂದು ನನ್ನತ್ತ ಕೈ ತೋರಿಸಿ, ಕಾಫಿ ತರಲು ಕಳಿಸಿದರು.

ಕಾಫಿ ತಂದಿಟ್ಟೆ. ಆ ತಿಂಗಳೇ ಕೆಲಸ ಬಿಟ್ಟೆ. ಹೊರಡುವಾಗ ಯಜಮಾನರು ಕೇಳಿದ್ದು ಗೋಡೆಯ ಚಿತ್ರವನ್ನು, ಚಿತ್ರವನ್ನೇ ಕೊಟ್ಟೆ. ನಿಯಮಗಳನ್ನು ಕೇಳಲಿಲ್ಲ, ಅಂಥವು ಇವೆಯೆಂದೇ ಅವರಿಗೆ ಗೊತ್ತಿರಲಿಲ್ಲ.

"ಎಲ್ಲಾ ಇದೆ ತಾನೇ?"

"ನೀವು ಕೇಳಿದ್ದೆಲ್ಲಾ ಇದೆ ಸರ್."

ಆಮೇಲೆ ಪಾಂಡವಪುರದಲ್ಲಿ ಸ್ವಂತ ಆಫೀಸು ತೆರೆದೆ. ಒಂದು ಬೆಳಿಗ್ಗೆ ಗೌಡರ ಫೋನು ಬಂತು. "ಅಲ್ಲ ಕಣವ್ವ, ಕಂಬ ಒಂದೀಟು ಅತ್ರ ಬಂದ್ಬುಟ್ಟವೆ. ಗ್ವಾಡೆ ಕೂರಾಕಿಲ್ಲ ಅಂತಾವ್ರೆ. ಚಿನಕುರಳಿ ಕಲ್ಲಿನೋರು ಕಾಯ್ತಾ ಕುಂತವ್ರೆ. ನಿಮ್ ಸಾರು ದಿನಾ ನಾಳೆ ಅಂತಾರೆ. ಗೆರೆ ಎಳ್ದೋರು ನೀವೇ ಅಲ್ವಾ, ಒಸಿ ಬಂದ್ ನೋಡಿ."

ಇದಕ್ಕಾಗಿಯೇ ಕಾಯುತ್ತಿದ್ದೆ. ಮಂಟಪ ಕಟ್ಟುವಲ್ಲಿಗೆ ಹೋದಾಗ ಯಜಮಾನರೂ ಅಲ್ಲಿದ್ದರು. ಲ್ಯಾಪ್‌ಟಾಪ್ ತೆರೆದೆ, ಮುಟ್ಟಲಿಲ್ಲ.

"ಸರ್ ವಿನ್ಯಾಸ ಅಲ್ವಾ? ಎಲ್ಲಿ ಏನು ಬದಲಿಸಬೇಕು ಅಂತ ಅವರೇ ಹೇಳಲಿ."

"ಯೋಳಿ ಸಾರ್," ಎಂದರು ಗೌಡರು.

ಯಜಮಾನರ ಕಿವಿ ಕೆಂಪಾಯಿತು. ನಾನು ಸಹಾಯಕ್ಕೆ ಹೋಗಲಿಲ್ಲ.

"ಅದು ಇವಳು ಮಾಡಿದ್ದು," ಎಂದರು ಕೊನೆಗೆ.

"ಕಾಂಕ್ರೀಟ್ ಮಿಕ್ಸರ್ ಸದ್ದು ಸರ್, ಕೇಳಿಸಲಿಲ್ಲ," ಎಂದೆ.

ಇನ್ನೊಮ್ಮೆ ಹೇಳಿಸಿದೆ. ಆಮೇಲಷ್ಟೇ ಹೊಸ ಅಗಲ ಹಾಕಿದೆ. ನಕ್ಷತ್ರಗಳು ಸರಿದು ಕೂತವು.

ಗೌಡರು ಯಜಮಾನರ ಮುಖ ನೋಡಿ, "ಅಂಗಾರೆ ಇನ್ಮೇಕೆ ಈವಮ್ಮನೇ ನೋಡ್ಕಳ್ಳಿ ಬುಡಿ," ಎಂದರು. ಉಳಿದ ಕೆಲಸವೂ ನನ್ನದಾಯಿತು.

ಕಳೆದ ವರ್ಷ ಯಜಮಾನರ ಮಗಳ ಮದುವೆ ಅದೇ ಮಂಟಪದಲ್ಲಿ ನಡೆಯಿತು. ಅವರು ನನ್ನನ್ನು ಕರೆಯಲಿಲ್ಲ, ಗೌಡರು ಕರೆದರು. "ಸಾಕು ಬಿಡೇ, ಹೋಗಬೇಡ," ಎಂದಳು ನನ್ನ ಅಕ್ಕ. ರೇಷ್ಮೆ ಸೀರೆ ಉಟ್ಟು ಹೋದೆ. ಧಾರೆ ಎರೆಯುವಾಗ ಯಜಮಾನರು ತಲೆಯೆತ್ತಿದರೆ ಕಾಣುವ ಹಾಗೆ, ಆ ನಕ್ಷತ್ರದ ಗೋಡೆಗೇ ಒತ್ತಿ ಕುರ್ಚಿ ಹಾಕಿಸಿಕೊಂಡು ಕೂತೆ.