ನಾಲ್ಕನೇ ನುಡಿ

ಕೋಣದ ಹಿಂದೆ ಕೂತು ತಂತಿ ಮೀಟುವುದು ನನ್ನ ಹೊಟ್ಟೆಪಾಡು. ಇದನ್ನು ಕೇಳಿದರೆ ಜನ ನಗುತ್ತಾರೆ, ನಗಲಿ. ಇಶಿಗಾಕಿಯಿಂದ ನಮ್ಮ ಪುಟ್ಟ ದ್ವೀಪಕ್ಕೆ ದೋಣಿ ಬಂದು ನಿಂತಿತೆಂದರೆ ಅಗಲ ಟೋಪಿಯ ಪ್ರವಾಸಿಗಳು ಇಳಿದು ನನ್ನ ಗಾಡಿ ಹತ್ತುತ್ತಾರೆ. ಕೋಣ ಗೊಂಟಾ ಗಾಡಿ ಎಳೆಯುತ್ತದೆ. ನಾನು ಹಾವಿನ ಚರ್ಮ ಹೊದಿಸಿದ ಸಾನ್‌ಶಿನ್ ಹಿಡಿದು ಊರಿನ ಹಾಡು ಹಾಡುತ್ತೇನೆ. ಎಲ್ಲಿ ತಿರುಗಬೇಕು, ಯಾವ ಹೂಬಳ್ಳಿಯ ಮುಂದೆ ಫೋಟೊಗೆ ನಿಲ್ಲಬೇಕು ಎಂಬುದೆಲ್ಲ ಗೊಂಟಾಗೆ ಗೊತ್ತು. ನಾನು ಹಗ್ಗ ಹಿಡಿದಿರುವುದು ಬರೀ ಶೋಭೆಗೆ.

ಇತ್ತೀಚೆಗೆ ಪ್ರವಾಸಿಗಳಿಗೆ ಹೊಸ ರೋಗ ಹತ್ತಿದೆ. ಟೋಕಿಯೊದಿಂದ ಬಂದವರಂತೂ ಹತ್ತುವಾಗಲೇ "ಪ್ರವಾಸಿಗಳಿಗೆ ತೋರ್ಸೋದೆಲ್ಲ ನಮಗೆ ಬೇಡ, ನಿಜವಾದ್ದು ತೋರ್ಸಿ" ಎನ್ನುತ್ತಾರೆ. ಅಂಥವರಿಗೆಂದೇ ನನ್ನ ಬಳಿ ಬೇರೆ ದನಿಯಿದೆ. ಸ್ವಲ್ಪ ಬಗ್ಗಿ, "ಇದನ್ನ ಎಲ್ರಿಗೂ ಹೇಳಲ್ಲ" ಎಂದು ಶುರುಮಾಡಿ, ಎಲ್ಲರಿಗೂ ಹೇಳುವುದನ್ನೇ ಹೇಳುತ್ತೇನೆ. ಊರವರು ನಿಜವಾಗಿ ಊಟ ಮಾಡುವ ಜಾಗ ಯಾವುದೆಂದು ಕೇಳಿದರೆ ಸೋದರಮಾವನ ಮಗನ ಹೋಟೆಲು ತೋರಿಸುತ್ತೇನೆ. ಅವರು ಅಲ್ಲಿ ದುಬಾರಿ ಸೋಬಾ ಶಾವಿಗೆ ತಿನ್ನುವ ಹೊತ್ತಿಗೆ ನಾನು ಕೊಟ್ಟಿಗೆಯ ಹಿಂದೆ ಡಬ್ಬಿಯ ಹಂದಿಮಾಂಸ ಹುರಿದುಕೊಂಡು ಅನ್ನಕ್ಕೆ ನೆಂಚಿಕೊಳ್ಳುತ್ತಿರುತ್ತೇನೆ. ನಿಜವಾದ್ದು ಬೇಕಿದ್ದವರು ಅಲ್ಲಿಗೆ ಬರಬೇಕಿತ್ತು.

ಹಾಡಿನ ವಿಷಯದಲ್ಲಿ ನನ್ನ ಜಂಬ ಇನ್ನೂ ಜಾಸ್ತಿ. ಅದು ಊರಿನ ಓಣಿಗಳಲ್ಲಿ ನಡೆದು ಹೋಗುವ ಹಾಡು, ಒಂದೊಂದು ಓಣಿಗೆ ಒಂದೊಂದು ನುಡಿ. ಮೂರನೇ ನುಡಿ ಮುಗಿಯುವಾಗ ಗಾಡಿಯ ಸುತ್ತೂ ಮುಗಿಯುತ್ತದೆ. ಹಿಂದೊಮ್ಮೆ ವಿಶ್ವವಿದ್ಯಾಲಯದ ಮೇಷ್ಟ್ರೊಬ್ಬರು ಈ ಹಾಡು ಬರೆದುಕೊಳ್ಳಲು ಬಂದಿದ್ದರು. ನಾನು ಅವರನ್ನೂ ಗಾಡಿ ಹತ್ತಿಸಿ ಒಂದು ಸುತ್ತು ಹೊಡೆಸಿ ಇಳಿಸಿದೆ. ಹಾಗಾಗಿ ಅವರ ಪುಸ್ತಕದಲ್ಲಿ ಹಾಡಿಗೆ ಇರುವುದು ಮೂರೇ ನುಡಿ. ಹಾಡಿದವರು ಕೆಡಮೊರಿ ಸೇಟೋಕು ಎಂದು ಅದರಲ್ಲಿ ನನ್ನ ಹೆಸರಿದೆ. ಆ ಪುಟವನ್ನು ಊರಲ್ಲಿ ನೋಡದವರಿಲ್ಲ, ನಾನು ಬಿಟ್ಟಿದ್ದರೆ ತಾನೆ.

ಅಮ್ಮ ನಾಬಿಗೆ ಈ ವರ್ಷ ತೊಂಬತ್ತೇಳು. ತೊಂಬತ್ತೇಳಕ್ಕೆ ಮನುಷ್ಯ ಮತ್ತೆ ಮಗುವಾಗುತ್ತಾನೆಂದು ನಾವು ಕೈಗೆ ಕಾಗದದ ಗಿರಗಿಟ್ಲೆ ಕೊಟ್ಟು ಮೆರವಣಿಗೆ ಮಾಡುತ್ತೇವೆ. ಊರಿನ ಸಭಾಭವನದ ಅಧ್ಯಕ್ಷ ಅರಾಗುಸುಕು ಮನೆಗೇ ಬಂದು, ಇಶಿಗಾಕಿಯಿಂದ ತೆರೆದ ಕಾರು ತರಿಸುತ್ತೇನೆಂದ. ಅಮ್ಮ ಒಪ್ಪಲಿಲ್ಲ.

"ಊರು ಕೇರಿ ಗೊತ್ತಿಲ್ದೋರ್ನೆಲ್ಲ ಗಾಡೀಲಿ ಮೆರೆಸ್ತಾನೆ. ಹೆತ್ತೋಳನ್ನ ಒಂದಿನ ಕೂರಿಸಿದಾನಾ ಕೇಳಪ್ಪ. ನಂಗೆ ಕೋಣದ ಗಾಡೀನೇ ಬೇಕು."

"ಆಯ್ತಮ್ಮ, ನಿಂಗೆ ಟಿಕೆಟ್ಟೂ ಬೇಡ," ಎಂದೆ.

"ಹಾಡು ಪೂರ್ತಿ ಆಗ್ಬೇಕು ಮತ್ತೆ. ನಾಲ್ಕನೇ ನುಡಿ ನಮ್ಮ ತವರಿನ ಬಾವಿ ಓಣೀದು. ಅದನ್ನ ಹಾಡ್ತಾ ಬಾವಿ ತನಕ ಕರ್ಕೊಂಡ್ಹೋಗು. ಬೇರೆ ಏನೂ ಕೇಳಲ್ಲ ಕಣೋ ನಿನ್ನ."

ಅಮ್ಮನ ತವರು ಮನೆ ಬಿದ್ದು ಯಾವ ಕಾಲವಾಯಿತೋ. ಉಳಿದಿರುವುದು ಬಾವಿ ಒಂದೇ. ಫೋಟೊಗೆ ಚೆಂದವಿಲ್ಲವೆಂದು ಗಾಡಿ ಆ ಕಡೆ ಹೋಗುವುದಿಲ್ಲ. "ಅದೇನ್ ಮಹಾ," ಎಂದುಬಿಟ್ಟೆ.

ನನ್ನ ಹೆಂಡತಿ ಫುಮಿಗೆ ಮಾತ್ರ ಅನುಮಾನ. "ಯಾವುದಕ್ಕೂ ಒಂದ್ಸಲ ಪೂರ್ತಿ ಹಾಡಿ ನೋಡ್ಕೊಳ್ಳಿ," ಎಂದಳು.

"ದಿನಾ ಬೆಳಗಿಂದ ಸಂಜೆ ತನಕ ಹಾಡೋನಿಗೆ ಅಭ್ಯಾಸ ಮಾಡು ಅಂತೀಯಲ್ಲ!"

"ಹಾಡೋದು ಮೂರು ನುಡಿ. ನಾಲ್ಕನೇದನ್ನ ನಾನು ಈ ಮನೆಗೆ ಬಂದ ಮೇಲೆ ಕೇಳೇ ಇಲ್ಲ."

"ಚಿಕ್ಕೋನಿದ್ದಾಗ ಕಲ್ತಿದ್ದು ಕಣೇ. ಎಲ್ಲಿಗೆ ಹೋಗುತ್ತೆ?"

"ನಿಮ್ಮ ಕೂದ್ಲು ಎಲ್ಲಿಗೆ ಹೋಯ್ತೋ ಅಲ್ಲಿಗೆ."

ಮೆರವಣಿಗೆಯ ದಿನ ಅಮ್ಮ ಕೆಂಪು ಕಿಮೊನೊ ಉಟ್ಟು ಗಾಡಿಯ ಮುಂದಿನ ಹಲಗೆಯ ಮೇಲೆ ಕೂತಳು. ಎರಡು ಕೈಗೂ ಗಿರಗಿಟ್ಲೆ. ಊರವರು ಚಪ್ಪಾಳೆ ತಟ್ಟುತ್ತ ಹಿಂದೆ ನಡೆದರು. ಮೊದಲ ನುಡಿ, ಎರಡನೇ ನುಡಿ, ದನಿ ಎಂದಿಗಿಂತ ಚೆನ್ನಾಗಿ ಕೂಡಿತು. ಇಂಥ ಮಗ ಯಾರಿಗೆ ಸಿಗುತ್ತಾನೆ ಎಂದು ನನಗೇ ಅನ್ನಿಸಿತು. ಮೂರನೇದು ಮುಗಿಯುವಾಗ ಗೊಂಟಾ ಹೂಬಳ್ಳಿಯ ಗೋಡೆಯ ಮುಂದೆ ನಿಂತಿತು. ಆ ಗೋಡೆ ನಮ್ಮ ಮನೆಯದೇ. ಗೊಂಟಾ ನಿಂತದ್ದೇ ತಡ, ನನ್ನ ಬಾಯಿ ನನ್ನನ್ನು ಕೇಳದೆ ಹೇಳಿತು:

"ಫೋಟೊ ತೆಗ್ಯೋರು ಬಲಗಡೆ ಬನ್ನಿ. ಅಜ್ಜಿ, ಸ್ವಲ್ಪ ನಗಿ."

ಅಮ್ಮ ಪಾಪ ನಕ್ಕಳು. ಹಿಂದಿದ್ದವರಂತೂ ಬಿದ್ದು ಬಿದ್ದು ನಕ್ಕರು. ನಾನೂ ತಮಾಷೆಗೆ ಹೇಳಿದವನ ಹಾಗೆ ನಕ್ಕು, ತಂತಿ ಮೀಟಿ, ನಾಲ್ಕನೇ ನುಡಿಗೆ ಬಾಯಿ ತೆರೆದೆ.

ಏನೂ ಬರಲಿಲ್ಲ. ರಾಗ ಇತ್ತು, ಮೊದಲ ಮಾತು ಇರಲಿಲ್ಲ. ಮತ್ತೆ ಮೀಟಿದೆ. ಕೆಮ್ಮಿದೆ. ಗಂಟಲು ಹಿಡಿದುಕೊಂಡೆ.

"ಗಂಟಲಿಗೇನೂ ಆಗಿಲ್ಲ," ಎಂದು ಫುಮಿ ಹಿಂದಿನಿಂದ ಎಲ್ಲರಿಗೂ ಕೇಳುವಂತೆ ಹೇಳಿದಳು.

ಅಷ್ಟರಲ್ಲಿ ಸುತ್ತು ಮುಗಿಯಿತೆಂದು ಗೊಂಟಾ ಎಡಕ್ಕೆ, ಕೊಟ್ಟಿಗೆಯ ಕಡೆಗೆ ತಿರುಗಿತು. ಅಮ್ಮ "ಎಡಕ್ಕಲ್ವೋ, ಸೀದಾ!" ಎಂದು ಗಿರಗಿಟ್ಲೆಯಲ್ಲೇ ದಾರಿ ತೋರಿಸಿದಳು. ನಾನು ಹಗ್ಗ ಜಗ್ಗಿದೆ, ಅರಾಗುಸುಕು ಮೂಗುದಾರ ಹಿಡಿದು ಎಳೆದ. ಗೊಂಟಾ ಕದಲಲಿಲ್ಲ. "ಸೇಟೋಕಣ್ಣಾ, ಹಾಡಣ್ಣ, ಹಾಡು ಕೇಳಿದ್ರಾದ್ರೂ ಹೋಗುತ್ತೇನೋ," ಎಂದು ಅವನು ಬೆವರೊರೆಸಿಕೊಂಡ. ಮುದುಕರಿಬ್ಬರು ತುಟಿ ಅಲ್ಲಾಡಿಸಿ ನೋಡಿ ಕೈಚೆಲ್ಲಿದರು. ಹಾಡು ಬಲ್ಲವರೆಲ್ಲ ತೀರಿಕೊಂಡಿದ್ದರು, ಉಳಿದವರು ನನ್ನನ್ನು ನಂಬಿಕೊಂಡಿದ್ದರು.

ನಾನು ಅಮ್ಮನ ಕಿವಿಯ ಹತ್ತಿರ ಬಗ್ಗಿದೆ. "ಅಮ್ಮಾ, ಮೊದಲ್ನೇ ಸಾಲು ಎತ್ಕೊಡು. ಮಿಕ್ಕಿದ್ದು ತಾನಾಗೇ ಬರುತ್ತೆ."

ಅಮ್ಮ ನನ್ನ ಮುಖ ನೋಡಿದಳು. "ನಂಗೆಲ್ಲೋ ಬರುತ್ತೆ? ಯಾವಾಗ್ಲೋ ಮರ್ತೋಯ್ತು. ದಿನಾ ಈ ಗೋಡೆ ಪಕ್ಕ ಹಾಡ್ಕೊಂಡು ಬರ್ತೀಯಲ್ಲ, ನಾನು ಒಳಗಡೆ ಕಿವಿ ಕೊಟ್ಟು ಕೂತಿರ್ತಿದ್ದೆ. ಇವತ್ತು ನಾಲ್ಕನೇದು ಹಾಡ್ತಾನೆ, ಇವತ್ತು ಹಾಡ್ತಾನೆ ಅಂತ. ನಿನ್ನ ಬಾಯಲ್ಲಿ ಕೇಳಿದ್ರೆ ನಂಗೂ ನೆನಪಾಗುತ್ತೆ ಅಂದ್ಕೊಂಡಿದ್ದೆ."

ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ. ಅಮ್ಮ ಗೋಡೆಯ ಆಚೆ ಕಾದು ಕೂತಿದ್ದಾಗ ನಾನು ಈಚೆ ನಿಂತು ಯಾರ್ಯಾರಿಗೋ ನಗಿ ನಗಿ ಎನ್ನುತ್ತಿದ್ದೆ.

ಸಾನ್‌ಶಿನ್ನನ್ನು ಫುಮಿಯ ಕೈಗಿತ್ತು, ಗಾಡಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ಅಮ್ಮನನ್ನು ಬೆನ್ನಿಗೆ ಹಾಕಿಕೊಂಡೆ. ತೂಕವೇ ಇಲ್ಲ. ಬಾವಿಯ ಓಣಿಯುದ್ದಕ್ಕೂ ಮಾತಿಲ್ಲದ ರಾಗವನ್ನೇ ಗುನುಗಿದೆ. ಅಮ್ಮ ನನ್ನ ಬೋಳು ತಲೆಯ ಮೇಲೆ ತಾಳ ತಟ್ಟಿದಳು, ಗಿರಗಿಟ್ಲೆ ಕಿವಿಗೆ ಬಡಿಯುತ್ತಿತ್ತು. ಬಾವಿಯೊಳಗೆ ಇಣುಕಿ "ನೀರಿದೆ" ಎಂದಳು. ಮಾತು ಮಾತ್ರ ಇಬ್ಬರಿಗೂ ಹೊಳೆಯಲಿಲ್ಲ.

ಈಗ ಗಾಡಿಯನ್ನು ದಿನಾ ಬಾವಿಯವರೆಗೂ ಒಯ್ಯುತ್ತೇನೆ. ಕಬ್ಬಿನ ಸೋಗೆ ತೋರಿಸಿ ತೋರಿಸಿ ಗೊಂಟಾನನ್ನು ಒಪ್ಪಿಸುವಷ್ಟರಲ್ಲಿ ಸಾಕುಬೇಕಾಯಿತು. ನಮ್ಮ ಗೋಡೆ ಬಂದೊಡನೆ ಮಾತು ನಿಲ್ಲಿಸಿ, ನಾಲ್ಕನೇ ನುಡಿಯ ರಾಗ ಗುನುಗುತ್ತ ಹೋಗುತ್ತೇನೆ. ಒಂದಲ್ಲ ಒಂದು ದಿನ ಅಮ್ಮನಿಗೋ ನನಗೋ ಒಂದು ಮಾತಾದರೂ ಸಿಕ್ಕೀತೆಂಬ ಆಸೆ. ಪ್ರವಾಸಿಗಳಿಗೆ ಸುತ್ತಿನಲ್ಲೆಲ್ಲ ಅದೇ ಅತಿ ಇಷ್ಟ. ನನ್ನನ್ನು ಕೆಲಸಕ್ಕಿಟ್ಟ ಗಾಡಿ ಮಾಲೀಕರಂತೂ ಅದನ್ನು ಭಿತ್ತಿಪತ್ರದಲ್ಲಿ ಹಾಕಿಸುವ ಯೋಚನೆಯಲ್ಲಿದ್ದಾರೆ. ಮೊನ್ನೆ ಒಸಾಕಾದ ಹೆಂಗಸೊಬ್ಬಳು ನಮ್ಮ ಗೋಡೆಯ ಹತ್ತಿರ ಕಣ್ಣೊರೆಸಿಕೊಂಡು ಕೇಳಿದಳು, "ಎಂಥಾ ರಾಗ! ಇಲ್ಲಿ ಮಾತು ಯಾಕಿಲ್ಲ? ಏನಿದರ ಅರ್ಥ?"

ಬಗ್ಗಿ ಹೇಳುವ ದನಿ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ.

"ಗೊತ್ತಿಲ್ಲಮ್ಮ. ಮರ್ತುಬಿಟ್ಟಿದೀನಿ."

ಎಷ್ಟು ವಿನಯ ಎಂದು ಎಲ್ಲರೂ ತಲೆದೂಗಿದರು. ಆಗ ಗೋಡೆಯ ಆಚೆಯಿಂದ ಅಮ್ಮ ಕೂಗಿದಳು:

"ಅದೊಂದು ಮಾತ್ರ ನಿಜ ಕಣ್ರಮ್ಮಾ!"