ಸಮುದ್ರಕ್ಕೆ ಅವ್ವನ ಖಣ

ನಾನು ಹಟಮಾರಿ. ಇದನ್ನು ನಾನೇ ಹೇಳಿಕೊಳ್ಳುವುದು ವಾಸಿ. ಅಕ್ಕತಂಗಿಯರ ಬಾಯಿಗೆ ಬಿಟ್ಟರೆ ಉಪ್ಪುಖಾರ ಹಚ್ಚಿ ಹೇಳುತ್ತಾರೆ. ನಾವು ನಾಲ್ವರು. ಅಕ್ಕನನ್ನು ಶಿಗ್ಗಾಂವಿ ತಾಲ್ಲೂಕಿನ ಹಿರೇಬೆಂಡಿಗೇರಿಗೆ ಕೊಟ್ಟಿದೆ, ಹೊಲಮನೆಯ ಸಂಸಾರ. ಎರಡನೆಯವಳು ನಾನು, ಹಾನಗಲ್ಲಿನ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಮೂರನೆಯವಳು ಸವಣೂರಿನಲ್ಲಿ, ಕೊನೆಯವಳು ಹಿರೇಕೆರೂರಿನಲ್ಲಿ. ಅವ್ವ ಇರುವತನಕ ತಿಳವಳ್ಳಿಯ ತವರಿನಲ್ಲಿ ಕೂಡುತ್ತಿದ್ದೆವು. ಅವ್ವ ತೀರಿಕೊಂಡ ಮೇಲೆ ಶೀಗಿ ಹುಣ್ಣಿಮೆಗೆ ಅಕ್ಕನ ಹೊಲದಲ್ಲಿ ಕೂಡುವುದೆಂದು ಆಯಿತು.

ಆ ಮೊದಲ ಶೀಗಿ ಹುಣ್ಣಿಮೆಯ ದಿನ ಅಕ್ಕ ಹೊಲದ ತುಂಬ ಚರಗ ಚೆಲ್ಲಿ ಬಂದಳು. ಬಸುರಿ ಭೂಮಿತಾಯಿಗೆ ಬಯಕೆಯ ಊಟವೆಂದು ಕಡುಬು, ಪಲ್ಲೆ, ಅನ್ನ ಎಲ್ಲ ಕಲಸಿ ನಾಲ್ಕೂ ದಿಕ್ಕಿಗೆ ಎರಚುವುದು ನಮ್ಮ ಕಡೆಯ ಪದ್ಧತಿ. ನಾವು ಊಟಕ್ಕೆ ಕುಳಿತಾಗ ನಾನು ಮಾತು ತೆಗೆದೆ. ದೀಪಾವಳಿ ಮುಗಿಯುತ್ತಲೇ ನಾವು ನಾಲ್ವರೇ ಹೋಗೋಣ. ಕೊಡಚಾದ್ರಿಯ ಬೆಟ್ಟ, ಅದರ ಕೆಳಗಿನ ದಟ್ಟ ಕಾಡು, ಆಮೇಲೆ ಕಡಲು. ಮೂರನ್ನೂ ನೋಡಿಕೊಂಡು ಶಿರಸಿಯ ಮೇಲೆ ಹಾಯ್ದು ಹಾನಗಲ್ಲಿಗೆ ಬರೋಣ. ಸರ್ಕಾರಿ ಬಸ್ಸು ಸಾಕು.

ಮೂವರೂ ಖುಷಿಯಾದರು. ಆಮೇಲೆ ನಾನು ನಿಯಮ ಹೇಳಲು ಶುರು ಮಾಡಿದೆ, ಖುಷಿ ಇಳಿಯಿತು.

ನಿಯಮ ಮಾಡಲು ನನಗೆ ಕಾರಣವಿತ್ತು. ಅದರ ಹಿಂದಿನ ವರ್ಷ ಓಣಿಯವರ ಜೊತೆ ಬಾಡಿಗೆ ಬಸ್ಸಿನಲ್ಲಿ ಜೋಗಕ್ಕೆ ಹೋಗಿದ್ದೆ. ಬಸ್ಸಿನ ತುಂಬ ಸ್ಪೀಕರ್ ಹಾಡು, ಕಿವಿ ಗುಂಯ್ ಎನ್ನುವಷ್ಟು. ಘಟ್ಟದ ಒಂದು ಹಳ್ಳದ ದಂಡೆಗೆ ಊಟಕ್ಕೆ ಇಳಿದರು, ಉಂಡ ಥರ್ಮಾಕೋಲ್ ತಟ್ಟೆಗಳನ್ನು ಅಲ್ಲೇ ನೀರಿಗೆ ಎಸೆದರು. ಸ್ವಲ್ಪ ಕೆಳಗೆ ಆ ಊರಿನ ಹೆಣ್ಣುಮಗಳೊಬ್ಬಳು ಕೊಡ ತುಂಬಿಕೊಳ್ಳುತ್ತಿದ್ದಳು. ತಟ್ಟೆಗಳು ಸಾಲಾಗಿ ಅವಳ ಕೊಡದ ಬಾಯಿಗೇ ಹೋದವು. ಅವಳು ಬೈಯಲಿಲ್ಲ, ಒಂದೊಂದನ್ನೇ ಕೈಯಿಂದ ಸರಿಸಿ ನೀರು ತುಂಬಿಕೊಂಡು ಹೋದಳು. ಬೈದದ್ದು ನಾನು. ಬಸ್ಸಿನಲ್ಲಿ ವಾಪಸ್ ಬರುವತನಕ ನನ್ನ ಪಕ್ಕ ಯಾರೂ ಕೂರಲಿಲ್ಲ. ಕೂರದಿದ್ದರೆ ಬಿಡಿ, ಕಾಲು ಚಾಚಿಕೊಂಡು ಬಂದೆ.

ಹೀಗಾಗಿ ಅಕ್ಕನ ಹೊಲದಲ್ಲಿ ಖಡಾಖಂಡಿತ ಹೇಳಿದೆ. ಪ್ಲಾಸ್ಟಿಕ್ ಚೀಲ, ನೀರಿನ ಬಾಟಲಿ ಬೇಡ, ತಂಬಿಗೆ ತನ್ನಿ. ಬುತ್ತಿ ಸ್ಟೀಲ್ ಡಬ್ಬಿಯಲ್ಲಿ. ಮಂಗಗಳಿಗೆ ಏನೂ ಹಾಕಬಾರದು. ಕಾಡಿನಲ್ಲಿ, ಕಡಲ ದಂಡೆಯಲ್ಲಿ ದನಿ ಏರಿಸಬಾರದು, ಅಲ್ಲಿ ಇರುವ ಜನರಿಗೂ ಜೀವಿಗಳಿಗೂ ಅದು ಮನೆ. ಉಳಿಯುವುದು ಆ ಊರಿನವರ ಮನೆಯಲ್ಲಿ, ಅವರು ಮಾಡಿದ್ದನ್ನು ಉಣ್ಣಬೇಕು. ನೆಲದಲ್ಲಾಗಲಿ ನೀರಿನಲ್ಲಾಗಲಿ ನಮ್ಮದೊಂದು ಚೂರೂ ಉಳಿಯಬಾರದು.

"ಅಯ್ಯ ನಮ್ಮವ್ವ, ಇದು ಟ್ರಿಪ್ಪೋ ಸಾಲಿನೋ?" ಎಂದಳು ಸವಣೂರಿನವಳು. "ಉಸರಾಡಾಕರ ಬಿಡ್ತೀರೇನ್ರಿ ಅಕ್ಕೋರ?" ಎಂದು ಕೊನೆಯವಳು ಕೈಮುಗಿದಳು. ನಮ್ಮ ಕಡೆ ಶಾಲೆಯ ಟೀಚರಮ್ಮನನ್ನು ಅಕ್ಕೋರು ಎನ್ನುತ್ತಾರೆ. ನನ್ನನ್ನು ಛೇಡಿಸಲು ಅವಳಿಗೆ ಇದೊಂದು ಸಿಕ್ಕಿದೆ.

ಅಕ್ಕ ನಗಲಿಲ್ಲ. "ನೀರಾಗೂ ಏನೂ ಬಿಡಬಾರದೇನು?" ಎಂದಳು.

"ಏನೂ ಬಿಡಬಾರದು."

"ಹಂಗಾರ ಅವ್ವನ ಖಣ?"

ಕೈಯಲ್ಲಿದ್ದ ಕಡುಬು ತಟ್ಟೆಗಿಟ್ಟೆ. ಅವ್ವನ ಟ್ರಂಕಿನಲ್ಲಿ ಒಂದು ಹಸಿರು ಗುಳೇದಗುಡ್ಡದ ಖಣವಿತ್ತು, ಕೆಂಪು ಅಂಚಿನದು. ಕುಪ್ಪಸದ ಬಟ್ಟೆ. ಅದನ್ನು ಅವ್ವ ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ವರದಾ ನದಿಗೆ, ಕುಮುದ್ವತಿಗೆ ಅವಳು ಎಷ್ಟೋ ಸಲ ಅಕ್ಕಿ, ಹೂವು, ಖಣ ಅರ್ಪಿಸಿ ಉಡಿ ತುಂಬಿದ್ದಳು. ಒಮ್ಮೆ ಸಮುದ್ರಕ್ಕೂ ತುಂಬಬೇಕೆಂದು ಆ ಖಣ ಎತ್ತಿಟ್ಟಿದ್ದಳು. ಹೋಗುವುದು ಆಗಲೇ ಇಲ್ಲ. ಒಮ್ಮೆ ಬಿತ್ತನೆ, ಒಮ್ಮೆ ಬಾಣಂತನ, ಒಮ್ಮೆ ಎಮ್ಮೆ ಈಯುವುದಿತ್ತು. ಕೊನೆಗೆ ಹಾಸಿಗೆ ಹಿಡಿದಾಗ ಅಕ್ಕನ ಕೈಗೆ ಆ ಖಣ ಕೊಟ್ಟು, "ನೀ ಮುಟ್ಟಸ್ವಾ" ಎಂದಿದ್ದಳು. ಅಕ್ಕ ಹೂಂ ಎಂದಿದ್ದಳು. ನನಗೆ ಇದು ಗೊತ್ತಿತ್ತು. ನಿಯಮ ಮಾಡುವಾಗ ನೆನಪಾಗಿರಲಿಲ್ಲ, ಅಷ್ಟೇ.

ನೆನಪಾದ ಮೇಲೂ ನಾನು ಸೋಲಲಿಲ್ಲ. "ಒಂದ ಖಣ ಅಂತ ಎಲ್ಲಾರೂ ಅಂತಾರಕ್ಕಾ. ಬಂದಾಕಿ ಬಂದಾಕಿ ಒಂದೊಂದು ಬಿಟ್ರ ದಂಡಿಮ್ಯಾಲೆ ಏನಿರತೈತಿ? ಮೀನಗಾರರ ಬಲಿಗೆ ಅರಿವಿ ಸಿಗತಾವು. ಮತ್ತ ನಮ್ಮ ವರದಾ, ಕುಮುದ್ವತಿ ಕೂಡೂದು ಮೂಡಣ ಸಮುದ್ರಕ್ಕ. ನಾವು ಹೊಂಟಿದ್ದು ಪಡವಣ ಕಡೆ."

"ಸಮುದ್ರಕ್ಕ ಮೂಡಣ ಪಡವಣ ಅಂತ ಗ್ವಾಡಿ ಹಾಕ್ಯಾರೇನು?" ಎಂದು ಅಕ್ಕ ಎದ್ದಳು. "ಅವ್ವನ ಮಾತು ಮುಟ್ಟಸಾಕ ಆಗಲಿಲ್ಲಂದ್ರ ನಾ ಬರಂಗಿಲ್ಲ. ನೀವ ಹೋಗ್ರಿ."

ದೀಪಾವಳಿ ಹತ್ತಿರ ಬಂತು. ಅಕ್ಕ ಫೋನಿನಲ್ಲಿ ಮಳೆಬೆಳೆ ಮಾತಾಡುತ್ತಾಳೆ, ಟ್ರಿಪ್ಪಿನ ಮಾತು ಬಂದರೆ ಎಮ್ಮೆ ಒದರುತ್ತಿದೆಯೆಂದು ಇಟ್ಟುಬಿಡುತ್ತಾಳೆ. ಸವಣೂರಿನವಳು ನನಗೆ, "ನೀ ಒಂದೀಟು ಬಾಗಿದ್ರ ನಿನ್ನ ನಡಾ ಮುರೀತೈತೇನು?" ಎಂದಳು. ಅಕ್ಕನನ್ನು ಬಿಟ್ಟು ಹೋಗುವುದು ನನ್ನಿಂದ ಆಗದ ಮಾತು. ನಿಯಮ ಬಿಟ್ಟು ಹೋಗುವುದೆಂದರೆ ಆ ಹಳ್ಳದ ಹೆಣ್ಣುಮಗಳ ಕೈ ಕಣ್ಣ ಮುಂದೆ ಬರುತ್ತಿತ್ತು. ಅವಳಿಗೆ ನಾನು ಮನಸ್ಸಿನಲ್ಲೇ ಮಾತು ಕೊಟ್ಟಿದ್ದೆ. ಅಕ್ಕ ಅವ್ವನಿಗೆ ಮಾತು ಕೊಟ್ಟಿದ್ದಳು.

ಒಂದು ಭಾನುವಾರ ಬಸ್ಸು ಹತ್ತಿ ಹಿರೇಬೆಂಡಿಗೇರಿಗೆ ಹೋದೆ. ಅಕ್ಕ ಗೋವಿನಜೋಳದ ತೆನೆ ಸುಲಿಯುತ್ತ ಅಂಗಳದಲ್ಲಿ ಕುಳಿತಿದ್ದಳು. ನಾನೂ ಎದುರಿಗೆ ಕುಳಿತು ಸುಲಿಯತೊಡಗಿದೆ. ತುಸು ಹೊತ್ತಾದ ಮೇಲೆ ಕೇಳಿದೆ, "ಯಕ್ಕಾ, ಉಡಿ ತುಂಬಿಸ್ಕೊಂಡಾಕಿ ತುಂಬಿದಾಕಿಗೆ ಒಂದ್ ಹಿಡಿ ಅಕ್ಕಿ ಹೊಳ್ಳಿ ಕೊಡ್ತಾಳ ಹೌದಲ್ಲೋ?"

"ಕೊಡ್ತಾಳ. ಅದಕ್ಕೇನೀಗ?"

"ಅಕ್ಕಿ, ಅರಿಷಿಣ, ಹೂವು ಸಮುದ್ರಕ್ಕ ಬಿಡು. ಖಣಾನ ನೀರಿಗೆ ಮುಟ್ಟಿಸಿ, ಆಕಿ ಹೊಳ್ಳಿ ಕೊಟ್ಟಳು ಅಂತ ತಗೊಂಡ ಬಾ. ಅವ್ವನ ಮಾತೂ ಮುಟ್ಟತೈತಿ."

ಅಕ್ಕ ನನ್ನ ಮುಖವನ್ನೇ ನೋಡಿದಳು. "ಭಾಳ ಶಾಣ್ಯಾಕಿ ಇದ್ದೀ" ಎಂದಳು. ಹೊಗಳಿದ್ದಲ್ಲ ಅದು. ಇನ್ನಷ್ಟು ತೆನೆ ಸುಲಿದಳು. "ಆತು. ನೀರಿಗೆ ಮುಟ್ಟಸ್ತೇನಿ, ಬಿಡಂಗಿಲ್ಲ. ಚಾ ಕುಡದ ಹೋಗು."

ಹೊರಟೆವು. ಹಿರೇಕೆರೂರಿನಲ್ಲಿ ತಂಗಿಯ ಮನೆಯಲ್ಲಿ ಕೂಡಿ, ಖಡಕ್ ರೊಟ್ಟಿ, ನಮ್ಮ ಕಡೆ ಹಿಂಡಿ ಎನ್ನುವ ಶೇಂಗಾ ಚಟ್ನಿಪುಡಿ, ಸವಣೂರಿನ ಖಾರ ಎಲ್ಲ ಡಬ್ಬಿಗಳಿಗೆ ತುಂಬಿಕೊಂಡು ಬಸ್ಸು ಹಿಡಿದೆವು. ಬೆಟ್ಟದ ಬುಡದ ಊರಿನಲ್ಲಿ ಒಬ್ಬ ಗೃಹಿಣಿಯ ಮನೆಯಲ್ಲಿ ಉಳಿದೆವು. ಜೀಪು ಬೇಡವೆಂದು ನಾನೇ ಹಟ ಹಿಡಿದು ನಡೆಸಿದೆ, ಅರ್ಧ ದಾರಿಯಲ್ಲಿ ನಾನೇ ಬಂಡೆಯ ಮೇಲೆ ಕುಸಿದು ಕುಳಿತೆ. "ಏನ್ರಿ ಅಕ್ಕೋರ, ಜೀಪ್ ಕರೀಲೇನ್ರಿ?" ಎಂದು ಕೊನೆಯವಳು ಕೇಳಿದಳು. ಬೇಡವೆಂದು ಕೈ ಬೀಸಿದೆ. ಮೇಲೆ ಹತ್ತಿದಾಗ ಮಂಜು ಸರಿದು, ಬೆಟ್ಟದ ಹಿಂದೆ ಬೆಟ್ಟ ಕಂಡವು. ಪಾಠದಲ್ಲಿ ಎಷ್ಟೋ ವರ್ಷ ಪಶ್ಚಿಮ ಘಟ್ಟ ಎಂದು ನಕಾಶೆಯ ಮೇಲೆ ಕೋಲು ಇಟ್ಟವಳು ನಾನು. ಈಗ ಬರಿ ಬೆರಳು ಚಾಚಿ ತೋರಿಸಿದೆ.

ಮರುದಿನ ಕೆಳಗಿನ ಕಾಡಿನಲ್ಲಿ ಆಗಬಾರದ್ದು ಆಯಿತು. ಜೊತೆಗಿದ್ದ ದಾರಿ ತೋರುವವನು ಒಂದು ತೊರೆಯ ಬಳಿ ಊಟಕ್ಕೆ ಕೂರಿಸಿದ. ನಾನು ಕೈ ತೊಳೆಯಲು ಹೋಗಿದ್ದೆ. ತಿರುಗಿ ನೋಡಿದರೆ ಅಕ್ಕ ಎದ್ದು ನಿಂತು, ರೊಟ್ಟಿ ಮುರಿದು ಹಿಂಡಿ ಕಲಸಿ, ನಾಲ್ಕೂ ದಿಕ್ಕಿಗೆ ಎರಚುತ್ತಿದ್ದಾಳೆ! ಮೇಲಿನ ಕೊಂಬೆಗಳು ಅಲುಗಿದವು. ಎರಡು ಮಂಗ ಇಳಿದವು, ಹಿಂದೆ ಇನ್ನೊಂದಿಷ್ಟು.

"ಯಕ್ಕಾ! ಏನ ಮಾಡಾಕತ್ತೀ?"

"ಚರಗಾ ಚೆಲ್ಲಾಕತ್ತೇನವಾ. ಇಷ್ಟು ಹಸರ ನೋಡಿ ಕೈ ತಡೀಲಿಲ್ಲ. ಇದೂ ಭೂಮಿತಾಯಿನ ಅಲ್ಲೇನು?"

"ಭೂಮಿತಾಯಿ ಖರೆ, ಹೊಲ ಅಲ್ಲ. ಮಂಗ್ಯಾಗೆ ರೊಟ್ಟಿ ರುಚಿ ಹತ್ತಿದ್ರ ನಾಳೆ ರಸ್ತೇಕ ಬರ್ತಾವು, ಗಾಡಿ ಬಾಯಿಗೆ ಬೀಳ್ತಾವು!"

ಸಿಟ್ಟಿನಲ್ಲಿ ನನ್ನ ದನಿಯೂ ಏರಿತ್ತು, ಅದು ಬೇರೆ ಮಾತು. ದಾರಿ ತೋರುವವನು ಮಂಗಗಳನ್ನು ಅತ್ತ ಅಟ್ಟಿದ. ನಾವು ನಾಲ್ವರೂ ಬಗ್ಗಿ, ಒದ್ದೆ ಎಲೆಗಳ ನಡುವಿನಿಂದ ರೊಟ್ಟಿಯ ಚೂರು ಆರಿಸಿದೆವು. ಕಾಲಿಗೆ ರಕ್ತ ಹೀರುವ ಇಂಬಳ ಹತ್ತಿದವು. ಅಕ್ಕ ಕೊನೆಯ ಚೂರಿನವರೆಗೆ ಆರಿಸಿದಳು. ಆಮೇಲೆ ನನ್ನತ್ತ ನೋಡದೆ ಹೇಳಿದಳು, "ನನ್ನ ಕೈಗೆ ಕೊಡೂದು ಗೊತ್ತೈತಿ ತಂಗಿ. ಕೊಡದ ಇರೂದು ಗೊತ್ತಿಲ್ಲ." ನಾನು ಬೈದದ್ದು ನನಗೇ ಕೆಟ್ಟದೆನಿಸಿತು, ಆದರೆ ತಪ್ಪೆನಿಸಲಿಲ್ಲ. ಇವತ್ತಿಗೂ ತಪ್ಪೆನಿಸುವುದಿಲ್ಲ.

ಘಟ್ಟ ಇಳಿದು ಕಡಲಿಗೆ ಬಂದಾಗ ಬೆಳಗಿನ ಹೊತ್ತು. ಮೀನುಗಾರರ ದೋಣಿಗಳು ದಂಡೆಯ ಮೇಲೆ ನಿಂತಿದ್ದವು. ಅಕ್ಕ ಸಮುದ್ರ ನೋಡುತ್ತಲೇ ಸೆರಗು ಸೊಂಟಕ್ಕೆ ಸಿಗಿಸಿ ಮೊಣಕಾಲಿನ ನೀರಿಗೆ ಇಳಿದಳು. ಅರಿಷಿಣ, ಕುಂಕುಮ, ಹೂವು ಬಿಟ್ಟಳು. ಹಿಡಿ ಹಿಡಿ ಅಕ್ಕಿ ಹಾಕಿದಳು. ಆಮೇಲೆ ಖಣವನ್ನು ಎರಡೂ ಕೈಯಲ್ಲಿ ಚಾಚಿ ನೀರಿಗೆ ಮುಟ್ಟಿಸಿದಳು. "ಅವ್ವಾ, ತಂದೇನಿ ನೋಡವಾ" ಎಂದಳು.

ತೆರೆ ಬಂದು ಹಿಂದೆ ಸರಿಯಿತು. ಅಕ್ಕನ ಕೈ ಬರಿದಾಗಿತ್ತು. ಹಸಿರು ಬಟ್ಟೆ ಬಿಚ್ಚಿಕೊಂಡು ಒಳಗೆ ಹೋಗುತ್ತಿತ್ತು.

ನಾನು ಓಡಿದೆ. ಸೀರೆ, ಚಪ್ಪಲಿ, ಕೈಗಡಿಯಾರ ಯಾವುದರ ಪರಿವೆಯೂ ಇಲ್ಲದೆ ನೀರಿಗೆ ಬಿದ್ದೆ. ಒಂದು ತೆರೆ ನನ್ನನ್ನು ಕೆಡವಿತು, ಬಾಯಿ ತುಂಬ ಉಪ್ಪು. ಎರಡನೇ ತೆರೆ ಖಣವನ್ನು ಎದೆಗೇ ತಂದು ಬಡಿಯಿತು. ಗಬಕ್ಕನೆ ಹಿಡಿದೆ. ತಂಗಿಯರಿಬ್ಬರೂ ರಟ್ಟೆ ಹಿಡಿದು ದಂಡೆಗೆ ಎಳೆದು ತಂದರು.

ಅಕ್ಕ ಪಕ್ಕದಲ್ಲಿ ಕುಳಿತಳು. "ತೆರಿ ಕಸ್ಕೊಳ್ಳಲಿಲ್ಲ, ನಾನ ಬಿಟ್ಟೆ" ಎಂದಳು. "ಬಿಡಬಾರದು ಅಂತ ಗೊತ್ತಿತ್ತು. ಅವ್ವ ನೆನಪಾದ್ಲು, ಬಿಟ್ಟೆ. ಬೈಯಿ, ಬೈಸ್ಕೋತೇನಿ."

ಬೈಯಲು ಬಾಯಿ ತೆರೆದೆ. ಆಗ ನನ್ನ ಕೈ ಕಂಡಿತು. ಖಣವನ್ನು ಎದೆಗೆ ಅವುಚಿಕೊಂಡಿದ್ದೆ. ನಾನು ಓಡಿದ್ದು ಕಡಲಿಗಾಗಿ ಅಲ್ಲ, ಮೀನುಗಾರರ ಬಲೆಗಾಗಿಯೂ ಅಲ್ಲ. ಅವ್ವನದು ಹೋಗುತ್ತಿದೆ ಎಂದು ಓಡಿದ್ದೆ. ಅವ್ವನನ್ನು ಮಣ್ಣು ಮಾಡಿದ ದಿನ ನಾನು ಬಂದವರಿಗೆ ನೀರು, ಚಾಪೆ, ಊಟದ ವ್ಯವಸ್ಥೆ ನೋಡುತ್ತ ಒಂದು ಹನಿ ಕಣ್ಣೀರು ಹಾಕಿರಲಿಲ್ಲ. "ಗಟ್ಟಿ ಹೆಣ್ಮಗಳು" ಎಂದು ಊರವರು ಹೊಗಳಿದ್ದರು.

ಅಕ್ಕ ನನ್ನ ಬೆರಳು ಬಿಡಿಸಿ ಖಣ ತೆಗೆದುಕೊಂಡಳು, ಹಿಂಡಿದಳು, ಮಡಚಿ ನನ್ನ ಉಡಿಯಲ್ಲಿ ಹಾಕಿದಳು. "ಆಕಿ ಹೊಳ್ಳಿ ಕೊಟ್ಟಳು. ನಿನಗ ಕೊಟ್ಟಳು. ಹೊಲಿಸ್ಕೋ."

ಆಗ ನನಗೆ ಅಳು ಬಂತು. ಮೆಲ್ಲಗೆ ಬರಲಿಲ್ಲ. ಅವ್ವಾ ಎಂದು ಒದರಿ ಅತ್ತೆ, ದೋಣಿಯ ಹತ್ತಿರ ಬಲೆ ಸರಿಮಾಡುತ್ತಿದ್ದವರು ತಲೆಯೆತ್ತಿ ನೋಡುವಂತೆ ಅತ್ತೆ. ಕೊನೆಯವಳು ತನ್ನ ಸೆರಗಿನಿಂದ ನನ್ನ ಮುಖ ಒರೆಸುತ್ತ, ತಾನೂ ಅಳುತ್ತ, "ದಂಡಿಮ್ಯಾಲೆ ದನಿ ಏರಸಬಾರದ್ರಿ ಅಕ್ಕೋರ" ಎಂದಳು.

"ಸುಮ್ಮನಿರ, ಅಳಲಿ ಬಿಡು" ಎಂದಳು ಅಕ್ಕ.