ಟೈಪಿಸ್ಟಮ್ಮನ ಟೈಪಿಸ್ಟ್

ಮೂವತ್ತು ವರ್ಷ ಸಾಹೇಬರುಗಳು ಹೇಳಿದ್ದನ್ನೆಲ್ಲ ಟೈಪು ಮಾಡಿದ ನಮ್ಮ ಟೈಪಿಸ್ಟಮ್ಮನ ಬೆರಳುಗಳು ಈಗ ಮಾತು ಕೇಳುವುದಿಲ್ಲ. ಹಾಗಾಗಿ ಅವರು ಹೇಳುತ್ತಾರೆ, ಕಂಪ್ಯೂಟರ್ ಬರೆದುಕೊಳ್ಳುತ್ತದೆ. ಹೇಳುವಾಗ ಥೇಟ್ ಸಾಹೇಬರಂತೆ ಬೆನ್ನ ಹಿಂದೆ ಕೈಕಟ್ಟಿ ಕೋಣೆಯಲ್ಲಿ ಶತಪಥ ತಿರುಗುತ್ತಾರೆ. ಸಾಹೇಬರ ಅವಸರ ಮಾತ್ರ ಇಲ್ಲ. ಸಾಲಿಗೊಮ್ಮೆ ನಿಂತು, "ಆಯ್ತೇನಪ್ಪಾ? ನಿಧಾನಕ್ಕೆ ಬರ್ಕೋ, ಕೈ ನೋವು ಬಂದೀತು," ಎನ್ನುತ್ತಾರೆ. ಕಂಪ್ಯೂಟರ್ ಚಾಚೂ ತಪ್ಪದೆ ಅದನ್ನೂ ಬರೆದುಕೊಳ್ಳುತ್ತದೆ. ಆಮೇಲೆ ಅಂಥ ಉಪಚಾರದ ಮಾತುಗಳನ್ನೆಲ್ಲ ಹುಡುಕಿ ಅಳಿಸುವ ಕೆಲಸ ಸೊಸೆಯದು. ಮೊನ್ನೆ ತಂಗಿಗೆ ಬರೆಸಿದ ಕಾಗದದ ಕೊನೆಯಲ್ಲಿ, ಅವರ ಹೆಸರಿನ ಕೆಳಗೆ ಇನ್ನೊಂದು ಸಾಲಿತ್ತು: "ಟೈಪು ಮಾಡಿದ್ದು ಕಂಪ್ಯೂಟರ್." ಸೊಸೆ ನಗುತ್ತ ಅದನ್ನೂ ಅಳಿಸಹೋದಾಗ ಅತ್ತೆ ಅವಳ ಕೈ ಹಿಡಿದರು. "ಅದಿರ್ಲಿ ಬಿಡೇ. ನನ್ನ ಹೆಸರನ್ನ ಒಬ್ರೂ ಹಾಕಿಸ್ಲಿಲ್ಲ."